ಹತ್ತೂಕಾಲು ಇಂಚಿನ ಯಜಮಾನ

ಹೊಸ ಕಾರು ಬಂದರೆ ಮೈಲೇಜು ಎಷ್ಟು ಅಂತ ಕೇಳುವವರು ಈಗ ನಮ್ಮಂಥ ಹಳಬರು ಮಾತ್ರ. ಪೂಜೆಯ ನಿಂಬೆಹಣ್ಣು ಚಕ್ರದಡಿ ಪಚಕ್ಕೆನ್ನುವ ಮೊದಲೇ ಯಜಮಾನರು ನಮ್ಮನ್ನು ಒಳಗೆ ಕೂರಿಸಿ, "ನೋಡ್ರೀ, ಹತ್ತೂಕಾಲು ಇಂಚು!" ಅನ್ನುತ್ತಾರೆ. ಸ್ಕ್ರೀನು ಕಣ್ರೀ. ಆಂಡ್ರಾಯ್ಡ್ ಆಟೋ ಇದೆ, ಆಪಲ್ ಕಾರ್‌ಪ್ಲೇ ಇದೆ. ಪುಣ್ಯಕ್ಕೆ ಬ್ರೇಕೂ ಇದೆಯಂತೆ.

ಉದ್ದೇಶವೇನೋ ಒಳ್ಳೆಯದೇ. 2014ರಲ್ಲಿ ಆಪಲ್ಲೂ ಗೂಗಲ್ಲೂ ಫೋನನ್ನು ಕಾರಿನ ಸ್ಕ್ರೀನಿಗೆ ಜೋಡಿಸುವ ಇವೆರಡನ್ನು ಲೋಕಕ್ಕೆ ತೋರಿಸಿದ್ದು, ಫೋನು ಕೈಬಿಡಿ, ಬೇಕಾದಷ್ಟು ಡ್ಯಾಶ್‌ಬೋರ್ಡಿನ ಮೇಲೆ ದೊಡ್ಡದಾಗಿ ಕಾಣಲಿ ಅಂತ. ನಮ್ಮ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಹೆಸರಿಸುವುದೂ ಕೈಯಲ್ಲಿ ಹಿಡಿಯುವ ಉಪಕರಣವನ್ನೇ. ಹಾಗಾಗಿ ಸ್ಕ್ರೀನಿನವರು ಸಿಗ್ನಲ್ಲಿನಲ್ಲಿ ಪೊಲೀಸಪ್ಪನನ್ನು ನೋಡುವ ಗತ್ತೇ ಬೇರೆ. ಎರಡೂ ಕೈ ಎತ್ತಿ ತೋರಿಸಿಯಾರು!

ಕೈ ಬಿಟ್ಟಿತು, ಕಣ್ಣು ಬಿಡಬೇಕಲ್ಲ? ಬ್ರಿಟನ್ನಿನ ಐಎಎಂ ರೋಡ್‌ಸ್ಮಾರ್ಟ್ ಸಂಸ್ಥೆ 2020ರಲ್ಲಿ ಜನರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿತು. ಆಂಡ್ರಾಯ್ಡ್ ಆಟೋವನ್ನು ಬೆರಳಿನಿಂದ ತಟ್ಟುತ್ತ ಓಡಿಸಿದವರು ಎದುರಿಗೆ ಬಂದದ್ದಕ್ಕೆ ಎಚ್ಚೆತ್ತುಕೊಳ್ಳಲು ಶೇ. 53ರಷ್ಟು ಹೆಚ್ಚು ಹೊತ್ತು ತೆಗೆದುಕೊಂಡರು, ಕಾರ್‌ಪ್ಲೇಯವರು ಶೇ. 57. ಹೋಲಿಸಿ ನೋಡಲು ಅವರೇ ಕೊಟ್ಟ ಹಿಂದಿನ ಲೆಕ್ಕದಲ್ಲಿ, ಅಲ್ಲಿನ ಕಾನೂನಿನ ಮಿತಿಯಷ್ಟು ಕುಡಿದು ಓಡಿಸಿದವರದು ಶೇ. 12. ಹಾಗಾದರೆ ಗುಂಡು ಹಾಕಿದವನ ಪಕ್ಕ ಕೂರುವುದೇ... ಬೇಡ ಬಿಡಿ, ಇದನ್ನು ಮನೆಯಾಕೆಯೂ ಓದುತ್ತಾಳೆ. ಬಾಯಲ್ಲೇ ಹೇಳಿ ಮಾಡಿಸಿಕೊಂಡವರೂ ಬಚಾವಾಗಲಿಲ್ಲ: ಶೇ. 30, ಶೇ. 36.

"ಹಾಡು ಬದಲಾಯಿಸೋಕೆ ಎರಡು ಸೆಕೆಂಡು ಸಾಕು" ಅನ್ನುತ್ತೀರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಎರಡು ಸೆಕೆಂಡಿಗೆ ಕಾರು 33 ಮೀಟರು ಓಡಿರುತ್ತದೆ, ನೀವು ಮಾತ್ರ ರಾಜ್‌ಕುಮಾರ್ ಬೇಕೋ ರಹಮಾನ್ ಬೇಕೋ ಅನ್ನುತ್ತಿರುತ್ತೀರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಾದರೆ ಧಾರಾಳವಾಗಿ ಹುಡುಕಿ, ಅಲ್ಲಿ ಇಡೀ ಸಿನಿಮಾದ ಹಾಡು ಮುಗಿದರೂ ಕಾರು ಅಲ್ಲೇ ಇರುತ್ತದೆ. ಮೈಸೂರು ಹೆದ್ದಾರಿಗೆ ಆ ಸೌಲಭ್ಯವಿಲ್ಲ.

ಏಸಿಗೆ ಮೊದಲು ತಿರುಗಿಸುವ ನಾಬ್ ಇರುತ್ತಿತ್ತು, ಬೆರಳಿಗೇ ಕಣ್ಣಿತ್ತು. ಈಗ ಕೆಲವು ಕಾರುಗಳಲ್ಲಿ ಮ್ಯಾಪನ್ನು ಸರಿಸಿ, ಮೆನು ತೆರೆದು, ನುಣ್ಣನೆಯ ಗಾಜಿನ ಮೇಲೆ ಫ್ಯಾನಿನ ಚಿತ್ರ ಹುಡುಕಬೇಕು. ರಸ್ತೆಯ ಗುಂಡಿ ಬಂದರೆ ಬೆರಳು ಜಾರಿ ಅತ್ತೆಯ ಊರಿಗೆ ಫೋನು ಹೋಗುತ್ತದೆ. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್, ಹಾರನ್ನು, ಇಂಡಿಕೇಟರು, ವೈಪರಿನಂಥವಕ್ಕೆ ಮುಟ್ಟಿದರೆ ಸಿಗುವ ನಿಜವಾದ ಗುಂಡಿಯೋ ಕಡ್ಡಿಯೋ ಬೇಕು ಅನ್ನುವುದನ್ನು 2026ರಿಂದ ತನ್ನ ಅಂಕಪಟ್ಟಿಗೆ ಸೇರಿಸಿದೆ. ಹಾರನ್ನಿನ ವಿಷಯದಲ್ಲಿ ನಮಗೆ ಈ ನಿಯಮ ಬೇಕಿಲ್ಲ. ಬೆಂಗಳೂರಲ್ಲಿ ಹಾರನ್ನನ್ನು ಸ್ಕ್ರೀನಿನೊಳಗೆ ಅಡಗಿಸಿಟ್ಟ ಕಂಪನಿ ಮಾರನೇ ದಿನವೇ ಬಾಗಿಲು ಹಾಕೀತು.

ಇದೆಲ್ಲಕ್ಕಿಂತ ನನಗೆ ಭಯ ಸ್ಪೀಕರಿನದು. ಫೋನು ಕಿವಿಯಲ್ಲಿದ್ದಾಗ ಸಂಸಾರ ಗುಟ್ಟಾಗಿತ್ತು. ಈಗ ಹಿಂದಿನ ಸೀಟಿನಲ್ಲಿ ಬೀಗರು ಕೂತಿರುವಾಗಲೇ ಸಾಲ ಕೊಟ್ಟವನ ದನಿ ನಾಲ್ಕೂ ಬಾಗಿಲಿನಿಂದ ಮೊಳಗುತ್ತದೆ.

ನಮ್ಮ ಬೀದಿಯ ರಾಯರ ಕಥೆ ಕೇಳಿ. ಅವರ ಹೆಂಡತಿ ಹಜಾರದಲ್ಲಿ ಕೂತು ತಾಯಿಯ ಜತೆ ಫೋನಿನಲ್ಲಿ ಮಾತಾಡುತ್ತಿದ್ದರು. ರಾಯರು ಗೇಟಿನ ಬಳಿ ಕಾರು ಸ್ಟಾರ್ಟ್ ಮಾಡಿದ್ದೇ ತಡ, ಆ ಫೋನು ಕಾರಿನ ಬ್ಲೂಟೂತನ್ನು ಗುರುತು ಹಿಡಿದು ಮಾತನ್ನೆಲ್ಲ ಅಲ್ಲಿಗೆ ರವಾನಿಸಿತು. ಕಾರಿನ ತುಂಬ ಅತ್ತೆಯವರ ಕಂಠ: "ಕಾರು ತಗೊಂಡ ಮೇಲೆ ಅಳಿಯಂದಿರಿಗೆ ಜಂಬ ಸ್ವಲ್ಪ ಜಾಸ್ತಿ ಆಗಿದೆ ಕಣೇ." ರಾಯರು ಉಸಿರು ಬಿಗಿಹಿಡಿದರು. "ಯಾಕೆ ಸುಮ್ಮನಾದೆ? ನಾನು ಹೇಳಿದ್ದು ನಿಜ ತಾನೇ?"

ರಾಯರು ಏನು ಮಾಡಿಯಾರು? "ನಿಜ, ಅತ್ತೆ" ಅಂದರು.