ಆರುನೂರು ವರ್ಷದ ಕಛೇರಿ

ಜರ್ಮನಿಯ ಹಾಲ್ಬರ್‌ಷ್ಟಾಟ್‌ನ ಸೇಂಟ್ ಬುರ್ಕಾರ್ಡಿ ಚರ್ಚಿನೊಳಗೆ ಮಾವನವರು ಕುರ್ಚಿ ಹುಡುಕಿದರು.

"ಕಛೇರಿ ಯಾವಾಗ ಶುರು?"

"2001ರ ಸೆಪ್ಟೆಂಬರ್ 5ಕ್ಕೇ ಶುರುವಾಗಿದೆ ಮಾವ. ಸಂಗೀತಕಾರ ಜಾನ್ ಕೇಜ್ ಅವರ ಆರ್ಗನ್ ಕೃತಿ. ಆದಷ್ಟು ನಿಧಾನವಾಗಿ ನುಡಿಸಬೇಕಂತೆ. ಮುಗಿಯೋದು 2640ಕ್ಕೆ."

"ಮಧ್ಯೆ ಕಾಫಿಗೆ ಬಿಡ್ತಾರಾ?"

ಪ್ರಯೋಗಶೀಲ ಸಂಗೀತ ತಲೆಗೆ ಹತ್ತಿದವರಿಗೆ ಇಂಥ ಪ್ರಶ್ನೆ ಕೇಳಿಸುವುದಿಲ್ಲ. "ಮೊದಲ 17 ತಿಂಗಳು ಬರೀ ಮೌನ" ಎಂದ ಅಳಿಯ.

"ನಮ್ಮ ವಿದ್ವಾಂಸರು ಶ್ರುತಿ ಸೇರಿಸೋಕೆ ಹತ್ತು ನಿಮಿಷ ತಗೊಂಡ್ರೆ ಬೈತಿದ್ದೆನಲ್ಲಪ್ಪ! ಅದಿರಲಿ, ನುಡಿಸ್ತಿರೋರು ಯಾರು?"

"ಮರಳಿನ ಚೀಲಗಳು. ಆರ್ಗನ್ನಿನ ಕೀಲಿಗಳನ್ನ ಅವೇ ಒತ್ತಿ ಹಿಡಿದಿವೆ."

"ಪಕ್ಕವಾದ್ಯಕ್ಕೆ ಸಿಮೆಂಟ್ ಚೀಲವೋ?"

"ಕೂರಬೇಡಿ, ಓಡಾಡ್ತಾ ಕೇಳಿ."

ಮಾವನವರು ಗೊಣಗುತ್ತಲೇ ಗೋಡೆಯ ಬಳಿ ಹೋದರು, ಹಿಂದಕ್ಕೆ ಬಂದರು, ಮತ್ತೆ ಹೋದರು. ಬಿಡದೆ ಹಿಡಿದ ನಾದ ಗೋಡೆಗೆ ಬಡಿದು ಮರಳಿ ತನ್ನೊಡನೆಯೇ ಬೆರೆಯುತ್ತದೆ; ಒಂದೆಡೆ ಉಬ್ಬಿ, ನಾಲ್ಕು ಹೆಜ್ಜೆಯಾಚೆ ಸೊರಗುತ್ತದೆ. ಕೇಳುಗ ಕದಲಿದರೆ ಸಂಗೀತವೂ ಕದಲುತ್ತದೆ.

"ಇಲ್ಲಿ ನಮ್ಮ ತಂಬೂರಿ ಥರಾನೇ ಇದೆ ಕಣ್ರೀ!"

"ಸ್ವರ 2024ರ ಫೆಬ್ರವರಿ 5ಕ್ಕೆ ಬದಲಾಯ್ತು. ಅದರ ಹಿಂದಿನದು 2022ರಲ್ಲಿ."

"ತಾಳ ಹಾಕಬಹುದಾ?"

"ಧಾರಾಳವಾಗಿ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಎರಡು ವರ್ಷ ಬಿಡಿ, ಅಷ್ಟೆ."