ಮಾಲೂರು ಸೀಮೆಯ ಟಾಕೀಸ್ ದೆವ್ವಗಳು: ಒಂದು ಘನ ಸಂಶೋಧನೆ

ಮುಚ್ಚಿದ ಟಾಕೀಸಿನಲ್ಲಿ ದೆವ್ವ ಇದೆಯೋ ಇಲ್ಲವೋ ಎಂದು ವಿದ್ವಾಂಸರು ಕೇಳುವುದಿಲ್ಲ. ಅದು ಯಾವ ಕ್ಲಾಸಿನಲ್ಲಿ ಕೂತಿದೆ ಎಂಬುದಷ್ಟೇ ಅವರ ತಕರಾರು. ಮಾಲೂರು ಮಾಸ್ತಿಯವರ ತಾಲ್ಲೂಕು; ಇಲ್ಲಿ ಸಾಕ್ಷ್ಯಕ್ಕೆ ಬರ ಬಂದೀತು, ಕಥೆಗೆ ಬಾರದು.

ಮೊದಲು ಇತಿಹಾಸ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ಮುಟ್ಟಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂದರೆ ಕೋಲಾರದ ಕಡೆಯ ದೆವ್ವಗಳು ರಾಜಧಾನಿಯ ದೆವ್ವಗಳಿಗಿಂತ ಮೂರು ವರ್ಷ ಮೊದಲೇ ನೆಲೆ ಕಳೆದುಕೊಂಡವು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂತು. ಮಟಮಟ ಮಧ್ಯಾಹ್ನವೂ ಬಾಗಿಲು ಹಾಕಿ ಕತ್ತಲೆ ಮಾರುವ ಕಟ್ಟಡಗಳು ಬರಬರುತ್ತ ಊರೂರಲ್ಲಿ ಎದ್ದವು. ನಿರಾಶ್ರಿತರು ಒಳಗೆ ಬಂದರು.

ಮಾರಿದ ಕತ್ತಲೆಗೂ ಲೆಕ್ಕವಿದೆ. ರೀಲು ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ಒಂದು ಚಿತ್ರ ಜರುಗಿ ಇನ್ನೊಂದು ಬರುವಾಗ ಷಟರ್ ಬೆಳಕನ್ನು ಮರೆಮಾಡುತ್ತದೆ. ಹಾಗಾಗಿ ಹತ್ತಿರ ಹತ್ತಿರ ಅರ್ಧ ಹೊತ್ತು ಪರದೆಯ ಮೇಲೆ ಏನೂ ಇರುವುದಿಲ್ಲ. ಮೂರು ಗಂಟೆಯ ಪಿಕ್ಚರಿಗೆ ದುಡ್ಡು ಕೊಟ್ಟವರು ಒಂದೂವರೆ ಗಂಟೆ ಬರೀ ಕತ್ತಲೆಗೆ ಸೀಟಿ ಹೊಡೆದು ಮನೆಗೆ ಹೋಗಿದ್ದಾರೆ. ಆ ಒಂದೂವರೆ ಗಂಟೆ ಅಲ್ಲಿ ಯಾರ ಪಿಕ್ಚರು ಓಡುತ್ತಿತ್ತೋ!

ಮುಚ್ಚಿದ ಟಾಕೀಸಿನೊಳಗೆ ಕೇಳುವುದೆಲ್ಲ ಬಾವಲಿ, ಪಾರಿವಾಳಗಳ ಸದ್ದು ಎನ್ನುವ ಪಂಥವೂ ಒಂದಿದೆ. ಈ ಪಂಥದವರು ಅಮಾವಾಸ್ಯೆ ರಾತ್ರಿ ಒಬ್ಬರೇ ಒಳಗೆ ಹೋಗಿ ನೋಡಿದ ದಾಖಲೆ ಇಲ್ಲ.

ನಿಜವಾದ ಪುರಾವೆ ಇರುವುದು ಗಾಂಧಿ ಕ್ಲಾಸಿನ ಟಿಕೆಟ್ ಕಿಂಡಿಯಲ್ಲಿ. ಒಂದು ಕೈ ಮಾತ್ರ ತೂರುವಷ್ಟು ತೂತು. ಅಂಚಿನ ಗಾರೆ ಉಜ್ಜಿ ಉಜ್ಜಿ ನುಣುಪಾಗಿದೆ. ಚಿಲ್ಲರೆ ಹಿಡಿದ ಮುಷ್ಟಿ ಒಳಗೆ ಹೋಗುತ್ತಿತ್ತು, ಮುಖವಿಲ್ಲದ ದನಿಯೊಂದು ಹೊರಗೆ ಬರುತ್ತಿತ್ತು: ‘ಹೌಸ್‌ಫುಲ್. ನಾಳೆ ಬಾ.’

1990ರ ದಶಕದಲ್ಲಿ ಬೆಂಗಳೂರಿನ ಆಸುಪಾಸಿನ ಜನ ಬಾಗಿಲ ಮೇಲೆ ಬರೆದದ್ದು ‘ನಾಳೆ ಬಾ’ ಎಂಬ ಇದೇ ಎರಡು ಪದ. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ತಿರುಗಿ ಹೋಗುತ್ತದೆಂಬುದು ನಂಬಿಕೆ. ಕಿಂಡಿಯ ಮುಂದೆ ತಾವು ತಿಂದ ಪೆಟ್ಟನ್ನು ಜನ ದೆವ್ವಕ್ಕೆ ದಾಟಿಸಿದರು ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. 1979ರಲ್ಲೇ ಅನಂತ್ ನಾಗ್, ಲಕ್ಷ್ಮಿ ಇದ್ದ ದೆವ್ವದ ಚಿತ್ರವೊಂದು ‘ನಾ ನಿನ್ನ ಬಿಡಲಾರೆ’ ಎಂದು ಘೋಷಿಸಿತ್ತು. ಜನರ ಉತ್ತರ ಗೋಡೆಗೆ ಬರಲು ಹತ್ತು ವರ್ಷದ ಮೇಲೆ ಹಿಡಿಯಿತು. ಸರ್ಕಾರಿ ಕಡತಕ್ಕೆ ಹೋಲಿಸಿದರೆ ಬೇಗವೇ. ಆಂಧ್ರದ ಗೋಡೆಗಳಲ್ಲಿ ಇದೇ ಮಾತು ತೆಲುಗಿನಲ್ಲಿ ‘ಓ ಸ್ತ್ರೀ ರೇಪು ರಾ’ ಎಂದಿತ್ತು. ಮುಳಬಾಗಿಲು, ಶ್ರೀನಿವಾಸಪುರದ ದೆವ್ವಗಳಿಗೆ ಎರಡೂ ಭಾಷೆ ಬರುತ್ತದೆ. ಪಾಪ, ಅರ್ಥವಾಗಲಿಲ್ಲ ಎಂದು ನಟಿಸುವ ದಾರಿಯೂ ಉಳಿಯಲಿಲ್ಲ.

ಈಚೆಗೆ ಎಷ್ಟೋ ಟಾಕೀಸುಗಳು ಕಲ್ಯಾಣ ಮಂಟಪಗಳಾಗಿವೆ. ಅಂಥ ಕಡೆ ಹಳೆಯ ಬಾಲ್ಕನಿ ದೆವ್ವ ಹಸಿದು ಊಟದ ಹಾಲಿನ ಬಾಗಿಲಿಗೆ ಬಂದರೆ ಬಡಿಸುವವರು ತಲೆ ಎತ್ತದೆ ಹೇಳುವ ಮಾತು ಒಂದೇ:

‘ಎಲೆ ತುಂಬಿದೆ ಸ್ವಾಮಿ, ಮುಂದಿನ ಪಂಕ್ತಿಗೆ ಬನ್ನಿ.’