ಆಸ್ತಿ ಜಗಳ ಮಾಡುವ ಕ್ರಮ

ಬೇಕಾಗುವ ಸಾಮಗ್ರಿ: ತೀರಿಕೊಂಡ ಅಪ್ಪ, ಅವರೇ ದುಡಿದು ಕೊಂಡ ಎರಡೂವರೆ ಎಕರೆ ಜಮೀನು, ಅಮ್ಮ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬಳು ಮಗಳು. ಉಯಿಲು ಇಲ್ಲದಿದ್ದರೆ ಒಳ್ಳೆಯದು. ಇದ್ದರೂ ಇಬ್ಬರು ಸಾಕ್ಷಿಗಳ ರುಜು ಸರಿಯಾಗಿದೆಯೇ ನೋಡಿಕೊಳ್ಳಿ. ಸರಿಯಾಗಿದ್ದರೆ, "ಬರೆಯುವಾಗ ಅಪ್ಪನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ" ಎಂದುಬಿಡಿ. ವರ್ಷಗಟ್ಟಲೆ ನಡೆಯುತ್ತದೆ.

ಶುರು ಮಾಡಬೇಕಾದ್ದು ಹನ್ನೊಂದನೆಯ ದಿನ, ತಿಥಿ ಊಟದ ಎಲೆ ತೆಗೆದ ಮೇಲೆ. ಅದಕ್ಕೂ ಮುಂಚೆ ಬಾಯಿಬಿಟ್ಟರೆ ಊರವರು ಆಡಿಕೊಳ್ಳುತ್ತಾರೆ. ಬೀರುವಿನ ಬೀಗದ ಕೈ ಹಿರಿಸೊಸೆಯ ಸೊಂಟ ಸೇರಿದ್ದು ಯಾವಾಗ ಎಂದು ಯಾರಿಗೂ ತಿಳಿಯಬಾರದು. ಬೀರು ತೆಗೆದರೆ ಸಿಗುವುದು ಸಾಮಾನ್ಯವಾಗಿ ಜವಳಿ ಅಂಗಡಿಯ ಹಳೇ ಚೀಲ. ಅದರೊಳಗೆ ಮಡಿಕೆಯಲ್ಲೇ ಹರಿದ ಕ್ರಯಪತ್ರ, ಕಂದಾಯದ ರಸೀದಿಗಳ ಕಟ್ಟು, ಯಾರ್ಯಾರಿಗೋ ಕೊಟ್ಟ ಕೈಸಾಲದ ಪೆನ್ಸಿಲ್ ಲೆಕ್ಕ, ಸೊಸೈಟಿ ಸಾಲದ ಪಾಸ್‌ಬುಕ್ಕು. ಈ ಕೊನೆಯದನ್ನು ಮಾತ್ರ ತಮ್ಮನ ಕಡೆ ಸರಿಸಿ.

ಅಪ್ಪನ ಠೇವಣಿಗೋ ಷೇರಿಗೋ ನಾಮಿನಿ ನೀವಾಗಿದ್ದರೆ "ಅಪ್ಪ ನನ್ನ ಹೆಸರಿಗೇ ಬರೆದಿದ್ದಾರೆ" ಎಂದು ಗಟ್ಟಿಯಾಗಿ ಹೇಳಿ. ನಾಮಿನಿಯಾದ ಮಾತ್ರಕ್ಕೆ ಮಾಲೀಕನಾಗುವುದಿಲ್ಲ ಎಂದು ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಊರಲ್ಲಿ ಯಾರೂ ಓದಿರುವುದಿಲ್ಲ.

ಇನ್ನು ಪೌತಿ ಖಾತೆ. ಅದಕ್ಕೆ ವಂಶವೃಕ್ಷ ಬೇಕು. ಈ ವೃಕ್ಷದಲ್ಲಿ ಹೆಣ್ಣುಮಕ್ಕಳ ಕೊಂಬೆ ಆಗಾಗ ತಾನಾಗಿಯೇ ಉದುರುವುದುಂಟು. ಉದುರದಿದ್ದರೆ ತಂಗಿಯ ರುಜು ಬೇಕಾಗುತ್ತದೆ. ನಮ್ಮ ಕೈಪಿಡಿಯ ಮುಖ್ಯ ಭಾಗ ಇದೇ.

ತಂಗಿಯನ್ನು ಹಬ್ಬಕ್ಕೆ ಕರೆಯಿರಿ. ಬಹಳ ವರ್ಷಗಳಿಂದ ಕರೆದಿಲ್ಲವಾದ್ದರಿಂದ ಅವಳಿಗೇ ಅನುಮಾನ ಬರುತ್ತದೆ. ಸೀರೆ ಸ್ವಲ್ಪ ಬೆಲೆಯದ್ದೇ ಇರಲಿ. ಊಟವಾದ ಮೇಲೆ "ಸುಮ್ಮನೆ ಒಂದು ರುಜು ಅಷ್ಟೇ ಕಣಮ್ಮ" ಎನ್ನಿ. ಹಕ್ಕು ಬಿಡುಗಡೆ ಪತ್ರ ಎಂಬ ಹೆಸರು ಹೇಳಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಕೂತು ಹೆಬ್ಬೆಟ್ಟು ಒತ್ತುವಾಗ ತಾನೇ ತಿಳಿದುಕೊಳ್ಳಲಿ. ತಕರಾರು ತೆಗೆದರೆ ಮೊದಲು ಮದುವೆಯ ಖರ್ಚು ನೆನಪಿಸಿ. ಅದೂ ನಡೆಯದಿದ್ದರೆ ಬ್ರಹ್ಮಾಸ್ತ್ರ: "ತೊಂಬತ್ನಾಲ್ಕಕ್ಕೆ ಮುಂಚೆ ಮದುವೆಯಾದವರಿಗೆ ಪಾಲಿಲ್ಲ."

ಈ ಅಸ್ತ್ರದ ಮದ್ದು ಆರಿ ಬಹಳ ಕಾಲವಾಯಿತು. ಕರ್ನಾಟಕದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮತಃ ಪಾಲು ಕೊಟ್ಟು, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟದ್ದು ನಿಜ. ಕೇಂದ್ರದ 2005ರ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಆ ತಿದ್ದುಪಡಿ ಬರುವ ಹೊತ್ತಿಗೆ ಅಪ್ಪ ಬದುಕಿರಬೇಕು ಎಂಬ ವಾದಕ್ಕೂ 2020ರಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಅಪ್ಪನೇ ದುಡಿದು ಕೊಂಡ ಜಮೀನಿಗಂತೂ ಈ ಚರ್ಚೆಯೇ ಬೇಕಿಲ್ಲ. ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೆ ಸಮಪಾಲು. ಆದರೂ ಅರಳಿಕಟ್ಟೆಯ ಮೇಲೆ ತೊಂಬತ್ನಾಲ್ಕು ಇವತ್ತಿಗೂ ಜಾರಿಯಲ್ಲಿದೆ.

ಅಮ್ಮನಿಗೂ ಮಕ್ಕಳಷ್ಟೇ ಪಾಲುಂಟು ಎಂಬ ಮಾತು ಯಾರೂ ಎತ್ತಬಾರದು. ಅವಳನ್ನು ತಿಂಗಳ ಲೆಕ್ಕದಲ್ಲಿ ಹಂಚಿಕೊಳ್ಳಿ.

ಇಷ್ಟನ್ನೂ ಚಾಚೂ ತಪ್ಪದೆ ಮಾಡಿದರೆ ಪಾಲು ದಾವೆ ಖಾತ್ರಿ. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಕಮಿಷನರ್ ಬಂದು ಅಳತೆ, ಆಮೇಲೆ ಅಂತಿಮ ಡಿಕ್ರಿ, ನಡುವೆ ಅಪೀಲು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲವೆಂದು ವಕೀಲರು ಆಗ ಹೇಳುತ್ತಾರೆ, ಮುಂಗಡ ಪಡೆದುಕೊಂಡು.

ಈ ಕೈಪಿಡಿ ತಪ್ಪಿ ತಂಗಿಯ ಕೈಗೆ ಸಿಕ್ಕಿದ್ದರೆ ಒಂದು ಮಾತು. ಎರಡೂವರೆ ಎಕರೆ ಎಂದರೆ ನೂರು ಗುಂಟೆ, ವಾರಸುದಾರರು ನಾಲ್ವರು. ನಿಮ್ಮದು ಇಪ್ಪತ್ತೈದು ಗುಂಟೆ. ಬಿಟ್ಟುಕೊಡಬೇಕೆನಿಸಿದರೆ ತಿಳಿದೇ ಬಿಟ್ಟುಕೊಡಿ ತಾಯಿ. ಓದದೆ ಮಾತ್ರ ರುಜು ಹಾಕಬೇಡಿ.